ಲೈನ್ ಹೋದರೂ ಕಾಯುವ ಘೋಸ್ಟ್: ಕಾಫಿ ಸೀಸನ್‌ನಲ್ಲಿ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮುಖ್ಯ ಡೇಟಾಬೇಸ್ ಒಂದು ಊರಿನಲ್ಲಿ, ಅದರ ರೆಪ್ಲಿಕಾ, ಅಂದರೆ ತಾನಾಗಿ ತಾಜಾ ಆಗುತ್ತಿರುವ ನಕಲು ಪ್ರತಿ, ಇನ್ನೊಂದು ಊರಿನಲ್ಲಿ, ನಡುವಿನ ಇಂಟರ್‌ನೆಟ್ ಲೈನ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ನಿಮ್ಮ ಪರಿಸ್ಥಿತಿಯೂ ಇದೇ ಆಗಿದ್ದರೆ, ಕೆಲಸ ನಿಲ್ಲಿಸದೆ ಡೇಟಾಬೇಸ್ ಟೇಬಲ್ಲಿನ ಆಕಾರ ಬದಲಿಸುವ ಜಿಎಚ್-ಓಸ್ಟ್ ಅನ್ನುವ ಸಾಧನ ಕಲಿತುಕೊಳ್ಳಿ. ಬಾಯಲ್ಲಿ ಎಲ್ಲರೂ ಘೋಸ್ಟ್ ಅಂತಲೇ ಹೇಳುವುದು, ನಾನೂ ಹಾಗೇ ಬರೆಯುತ್ತೇನೆ. ದುಡ್ಡು ಕೊಡಬೇಕಿಲ್ಲ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಉಳಿದ ಒಂದನ್ನು ಯಾಕೆ ಕೊಡಲಿಲ್ಲ ಅನ್ನುವುದನ್ನು ಮುಂದೆ ಸ್ವಲ್ಪ ಉದ್ದಕ್ಕೇ ಬರೆದಿದ್ದೇನೆ.

ನಾನು ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ವಿಭಾಗ ಅಂದರೆ ನಾನೊಬ್ಬನೇ. ಪ್ರಿಂಟರ್‌ಗೆ ಇಂಕ್ ಹಾಕುವುದರಿಂದ ಹಿಡಿದು ಡೇಟಾಬೇಸ್‌ವರೆಗೆ ಎಲ್ಲವೂ ನನ್ನದೇ. ಮುಖ್ಯ ಸರ್ವರ್ ಇಲ್ಲೇ ಆಫೀಸಿನಲ್ಲಿದೆ, ಮೈಎಸ್‌ಕ್ಯೂಎಲ್ 8.0. ಒಂದು ರೆಪ್ಲಿಕಾ ಗೋಣಿಕೊಪ್ಪದ ನಮ್ಮ ಖರೀದಿ ಡಿಪೋದಲ್ಲಿದೆ. ಬೆಳೆಗಾರರು ಬಂದು "ನನ್ನ ಬಾಕಿ ಎಷ್ಟು" ಅಂತ ಕೇಳಿದರೆ ಅಲ್ಲಿನವರು ಅದನ್ನೇ ನೋಡಿ ಹೇಳುತ್ತಾರೆ. ಇನ್ನೊಂದು ರೆಪ್ಲಿಕಾ ಮೈಸೂರಿನ ಬಾಡಿಗೆ ಸರ್ವರ್‌ನಲ್ಲಿದೆ, ಬ್ಯಾಕಪ್‌ಗೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ, ಕರೆಂಟು, ಫೋನು ಎಲ್ಲ ಹೋದದ್ದನ್ನು ನೋಡಿದವರು ಯಾರೂ ಎಲ್ಲ ಡೇಟಾವನ್ನೂ ಕೊಡಗಿನೊಳಗೇ ಇಡುವುದಿಲ್ಲ.

ಬರವಣಿಗೆಯೆಲ್ಲ ಕುಶಾಲನಗರದ ಸರ್ವರ್‌ಗೆ. ಗೋಣಿಕೊಪ್ಪದ ತೂಕವೂ ಇಲ್ಲಿಗೇ ಬಂದು ಬೀಳುತ್ತದೆ. ಲೈನ್ ಇಲ್ಲದಾಗ ಅಲ್ಲಿನವರು ಪುಸ್ತಕದಲ್ಲಿ ಬರೆದಿಟ್ಟು ಆಮೇಲೆ ಏರಿಸುತ್ತಾರೆ.

ಈಗ ತೊಂದರೆ ಏನಾಗಿತ್ತು ಅನ್ನುವುದನ್ನು ಹೇಳುತ್ತೇನೆ. ರೊಬಸ್ಟಾ ಚೆರಿ ಕೊಳ್ಳುವಾಗ ಔಟ್‌ಟರ್ನ್ ಲೆಕ್ಕ ಅಂತ ಒಂದಿದೆ, ಓಟಿ ಅನ್ನುತ್ತಾರೆ. 50 ಕೆ.ಜಿ. ಒಣ ಚೆರಿಯನ್ನು ಹಲ್ ಮಾಡಿದರೆ, ಅಂದರೆ ಸಿಪ್ಪೆ ತೆಗೆದರೆ, ಎಷ್ಟು ಕೆ.ಜಿ. ಬೇಳೆ ಸಿಗುತ್ತದೆ ಅನ್ನುವ ಅಂಕಿ ಅದು. 26.25 ಓಟಿ ಅಂದರೆ 26 ಕಾಲು ಕೆ.ಜಿ. ಚೀಲದ ಬೆಲೆ ಅದರ ಮೇಲೇ ನಿಲ್ಲುವುದು. ನಮ್ಮ ಹಳೆಯ ಸಾಫ್ಟ್‌ವೇರ್‌ನಲ್ಲಿ ಈ ಕಾಲಂ ಡೆಸಿಮಲ್(3,1), ಅಂದರೆ ಚುಕ್ಕೆಯ ಆಚೆ ಒಂದೇ ಅಂಕಿ. ಲ್ಯಾಬ್‌ನವರು 26.25 ಅಂತ ಹಾಕಿದರೆ ಡೇಟಾಬೇಸ್ ಅದನ್ನು 26.3 ಮಾಡಿ ಇಟ್ಟುಕೊಳ್ಳುತ್ತದೆ. ಎರರ್ ಇಲ್ಲ, ತಕರಾರಿಲ್ಲ. ಮೈಎಸ್‌ಕ್ಯೂಎಲ್‌ನ ತಪ್ಪು ಅಂಕಿ ಬಂದರೆ ತಡೆಯುವ ಸ್ಟ್ರಿಕ್ಟ್ ಮೋಡ್ ಕೂಡ ಇಂಥದ್ದಕ್ಕೆ ಬರೀ ಒಂದು ನೋಟ್ ಕೊಟ್ಟು ಸುಮ್ಮನಾಗುತ್ತದೆ. 26.75 ಹಾಕಿದರೆ 26.8. ಕಾಲಿರಲಿ ಮುಕ್ಕಾಲಿರಲಿ, ಯಾವಾಗಲೂ ಮೇಲಕ್ಕೇ. ಹಾಗಾಗಿ ಬೆಳೆಗಾರರು ಯಾರೂ ದೂರಲಿಲ್ಲ, ಅಲ್ವಾ!

ಬೆಲೆ ಕಮ್ಮಿ ಇದ್ದಾಗ ನಮ್ಮವರೂ ಗಮನಿಸಿರಲಿಲ್ಲ. 2024ರಲ್ಲಿ ರೊಬಸ್ಟಾ ಚೆರಿ ಚೀಲಕ್ಕೆ 10,000 ರೂಪಾಯಿ ದಾಟಿತಲ್ಲ, ಆಮೇಲೆ ಲೆಕ್ಕ ಬರೆಯುವ ಅಕ್ಕ ಹಿಡಿದುಬಿಟ್ಟರು. ಬೇಳೆ ಕೆ.ಜಿ.ಗೆ 380 ಅಂತಿಟ್ಟುಕೊಳ್ಳಿ. 0.05 ಓಟಿ ಅಂದರೆ ಚೀಲಕ್ಕೆ 19 ರೂಪಾಯಿ. 200 ಚೀಲದ ಲಾರಿ ಬಂದರೆ 3,800. "ತಮ್ಮಾ, ಈ ಚುಕ್ಕೆ ಆಚೆ ಇನ್ನೊಂದು ಮನೆ ಮಾಡಿಕೊಡು" ಅಂದರು. ಕೇಳುವುದಕ್ಕೆ ಎರಡು ನಿಮಿಷದ ಕೆಲಸ.

ಆದರೆ ಆ ಟೇಬಲ್‌ನಲ್ಲಿ ಒಂದೊಂದು ಚೀಲಕ್ಕೆ ಒಂದೊಂದು ಸಾಲು. ವರ್ಷಗಟ್ಟಲೆ ಸೇರಿ ಒಂದೂವರೆ ಕೋಟಿ ಸಾಲು, 6 ಜಿಬಿ ಆಗಿತ್ತು. ಕಾಲ ಜನವರಿ, ರೊಬಸ್ಟಾ ಕೊಯ್ಲಿನ ಹೊತ್ತು. ಕಾಟಾದ ಮುಂದೆ ರಾತ್ರಿ ಒಂಬತ್ತಾದರೂ ಪಿಕಪ್‌ಗಳ ಸಾಲು.

ಟೇಬಲ್ ಬದಲಿಸಲು ಮೈಎಸ್‌ಕ್ಯೂಎಲ್‌ಗೆ ಆಲ್ಟರ್ ಅಂತ ಒಂದೇ ಆಜ್ಞೆ ಇದ್ದರೂ ಒಳಗೆ ಅದು ಬೇರೆ ಬೇರೆ ದಾರಿ ಹಿಡಿಯುತ್ತದೆ. ಸುಲಭದ್ದು ಇನ್‌ಸ್ಟಂಟ್. ಟೇಬಲ್‌ನ ಸಾಲುಗಳನ್ನು ಮುಟ್ಟುವುದೇ ಇಲ್ಲ, ವಿವರಣೆ ಮಾತ್ರ ಬದಲಾಗುತ್ತದೆ. 8.0.12ರಲ್ಲಿ ಬಂದಾಗ ಕೊನೆಯಲ್ಲಿ ಮಾತ್ರ ಕಾಲಂ ಸೇರಿಸಬಹುದಿತ್ತು. 8.0.29ರಿಂದ ನಡುವೆಯೂ ಸೇರಿಸಬಹುದು, ತೆಗೆಯಲೂಬಹುದು. ಒಂದು ಟೇಬಲ್‌ಗೆ 8.0ರಲ್ಲಿ ಹೀಗೆ 64 ಸಲ ಮಾಡಬಹುದು, ಆಮೇಲೆ ಟೇಬಲ್ ಪೂರ್ತಿ ಹೊಸದಾಗಿ ಕಟ್ಟಬೇಕು. ಎರಡನೆಯದು ಇನ್‌ಪ್ಲೇಸ್. ಬೇಗ ಹುಡುಕಲು ಇಡುವ ಇಂಡೆಕ್ಸ್ ಸೇರಿಸುವುದು ಇದರಲ್ಲಿ ಬರುತ್ತದೆ, ಆಗ ಬರೆಯುವವರು ಬರೆಯುತ್ತಲೇ ಇರಬಹುದು. ಮೂರನೆಯದು ಕಾಪಿ. ಇಡೀ ಟೇಬಲ್ಲನ್ನು ಹೊಸದಕ್ಕೆ ನಕಲು ಮಾಡುತ್ತದೆ. ಅಷ್ಟು ಹೊತ್ತು ಓದಬಹುದು, ಬರೆಯುವ ಹಾಗಿಲ್ಲ. ಕಾಲಂನ ಡೇಟಾ ಟೈಪ್ ಬದಲಿಸುವುದು, ಅಂದರೆ ಅಕ್ಕ ಕೇಳಿದ್ದು, ಈ ಮೂರನೆಯದು.

ಕಾಟಾದವರಿಗೆ "ಇಪ್ಪತ್ತು ನಿಮಿಷ ತೂಕ ಹಾಕಬೇಡಿ" ಅಂತ ಹೇಳಬಹುದು. ಹೇಳಿ ನೋಡಿ.

ಅದಕ್ಕಿಂತ ದೊಡ್ಡ ತಾಪತ್ರಯ ರೆಪ್ಲಿಕಾದ್ದು. ಮುಖ್ಯ ಸರ್ವರ್‌ನಲ್ಲಿ ನಡೆದದ್ದೆಲ್ಲ ಬೈನರಿ ಲಾಗ್‌ಗೆ ಬೀಳುತ್ತದೆ, ರೆಪ್ಲಿಕಾ ಅದನ್ನು ಎಳೆದುಕೊಂಡು ಅದೇ ಕ್ರಮದಲ್ಲಿ ಮಾಡುತ್ತದೆ. ಆಲ್ಟರ್ ಇಲ್ಲಿ ಮುಗಿದ ಮೇಲೆಯೇ ಲಾಗ್ ಸೇರುವುದು. ಇಲ್ಲಿ ಇಪ್ಪತ್ತು ನಿಮಿಷ ಹಿಡಿದರೆ ಅಲ್ಲಿ ಮತ್ತೆ ಮೊದಲಿನಿಂದ ಇಪ್ಪತ್ತು ನಿಮಿಷ. ಗೋಣಿಕೊಪ್ಪದ ಡಬ್ಬ ಹಳೆಯದು, ಅರ್ಧ ಗಂಟೆಯೇ ಹಿಡಿಯಬಹುದು. ಅಷ್ಟೂ ಹೊತ್ತು ಆಮೇಲೆ ಬಂದ ಬಿಲ್ಲುಗಳೆಲ್ಲ ಅದರ ಬೆನ್ನಿಗೆ ಕಾಯುತ್ತವೆ. ಬೆಳೆಗಾರರು ಕುಶಾಲನಗರದಲ್ಲಿ ಚೀಲ ಇಳಿಸಿ, ಗೋಣಿಕೊಪ್ಪಕ್ಕೆ ಹೋಗಿ ಕೇಳಿದರೆ "ನಿಮ್ಮದು ಏನೂ ಬಂದಿಲ್ಲವಲ್ಲ" ಅನ್ನುವ ಉತ್ತರ. ಒಮ್ಮೆ ಹಾಗಾದರೆ ಸಾಕು, ಮುಂದಿನ ಲೋಡು ಬೇರೆಯವರ ಕಾಟಾಕ್ಕೆ.

ಹೊಸ ಹೆಸರಿನಲ್ಲಿ ಇನ್ನೊಂದು ಕಾಲಂ ಇನ್‌ಸ್ಟಂಟ್ ಆಗಿ ಸೇರಿಸಿ, ಎರಡಕ್ಕೂ ಬರೆಯುತ್ತಾ, ನಿಧಾನಕ್ಕೆ ಹಳೆಯದನ್ನು ಬಿಡುವ ದಾರಿಯೂ ಇತ್ತು. ಸಾಮಾನ್ಯವಾಗಿ ನಾನು ಅದನ್ನೇ ಮಾಡುವುದು. ಇಲ್ಲಿ ಬೇಡ ಅನ್ನಿಸಿತು. ಹಳೆಯ ಹೆಸರನ್ನು ಹಿಡಿದುಕೊಂಡಿರುವ ರಿಪೋರ್ಟ್‌ಗಳು ಎಷ್ಟಿವೆ ಅನ್ನುವುದು ಅವನ್ನು ಬರೆದವರಿಗೇ ಗೊತ್ತು, ಅವರು ಯಾವತ್ತೋ ಬೆಂಗಳೂರು ಸೇರಿದ್ದಾರೆ.

ಹಾಗಾಗಿ ಉಳಿದದ್ದು ಎರಡು ಸಾಧನ. ಒಂದು ಪರ್ಕೋನಾ ಟೂಲ್‌ಕಿಟ್‌ನಲ್ಲಿರುವ ಪಿಟಿ-ಆನ್‌ಲೈನ್-ಸ್ಕೀಮಾ-ಚೇಂಜ್. ಇನ್ನೊಂದು ಘೋಸ್ಟ್. ಎರಡರ ಮೂಲ ಉಪಾಯ ಒಂದೇ. ಬೇಕಾದ ಆಕಾರದ ಖಾಲಿ ಟೇಬಲ್ ಒಂದನ್ನು ಪಕ್ಕದಲ್ಲಿ ಮಾಡಿಕೊಂಡು, ಹಳೆಯದರ ಸಾಲುಗಳನ್ನು ಸಾವಿರ ಸಾವಿರದ ಲೆಕ್ಕದಲ್ಲಿ ಅದಕ್ಕೆ ತುಂಬಿ, ಕೊನೆಗೆ ಹೆಸರು ಅದಲು ಬದಲು ಮಾಡುವುದು. ತುಂಬುತ್ತಿರುವಾಗ ಹಳೆಯದಕ್ಕೆ ಬರುವ ಹೊಸ ತೂಕಗಳನ್ನು ಹೊಸದಕ್ಕೆ ಹೇಗೆ ಮುಟ್ಟಿಸುತ್ತವೆ ಅನ್ನುವುದರಲ್ಲಿ ವ್ಯತ್ಯಾಸ.

ಪರ್ಕೋನಾದ್ದು ಟ್ರಿಗರ್ ಹಾಕುತ್ತದೆ, ಅಂದರೆ ಟೇಬಲ್ ಬದಲಾದಾಗಲೆಲ್ಲ ತಾನಾಗಿ ಓಡುವ ಆಜ್ಞೆ. ಹಳೆಯ ಟೇಬಲ್‌ಗೆ ಒಂದು ಸಾಲು ಬಿದ್ದರೆ ಅದೇ ಟ್ರಾನ್ಸಾಕ್ಷನ್‌ನಲ್ಲೇ ಹೊಸದಕ್ಕೂ ಬೀಳುತ್ತದೆ. ಘೋಸ್ಟ್ ಟ್ರಿಗರ್ ಹಾಕುವುದಿಲ್ಲ. ತಾನೂ ಒಂದು ರೆಪ್ಲಿಕಾ ಅನ್ನುವ ಹಾಗೆ ಬೈನರಿ ಲಾಗ್ ಓದುತ್ತಾ ಕೂರುತ್ತದೆ, ಈ ಟೇಬಲ್‌ಗೆ ಸಂಬಂಧಿಸಿದ ಬದಲಾವಣೆಗಳನ್ನು ಮಾತ್ರ ಹೆಕ್ಕಿ ತನ್ನ ಅನುಕೂಲದ ವೇಗದಲ್ಲಿ ಹೊಸದಕ್ಕೆ ಹಾಕುತ್ತದೆ. ಗಿಟ್‌ಹಬ್‌ನವರು ಇದನ್ನು 2016ರ ಆಗಸ್ಟ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಅದರ ಮುಖ್ಯ ಕರ್ತೃ ಶ್ಲೋಮಿ ನೋಆಕ್. 2009ರಲ್ಲಿ ಟ್ರಿಗರ್ ಇಟ್ಟು ಟೇಬಲ್ ಬದಲಿಸುವ ಸಾಧನ ಬರೆದವರೂ ಇವರೇ. ತಾವೇ ಹಾಕಿದ ದಾರಿಯ ತೊಡಕು ಕಂಡು ಇನ್ನೊಂದು ದಾರಿ ಹಾಕಿದ್ದಾರೆ. ಈ ಸಾಧನದ ಮೇಲೆ ನನಗೆ ನಂಬಿಕೆ ಬರಲು ಅದೂ ಒಂದು ಕಾರಣ.

ಟ್ರಿಗರ್ ಇದ್ದರೇನು, ಇಲ್ಲದಿದ್ದರೇನು ಅನ್ನಿಸಬಹುದು. ನನಗೂ ಓದುವಾಗ ಅಷ್ಟೇನೂ ದೊಡ್ಡದು ಅನ್ನಿಸಿರಲಿಲ್ಲ. ನಿಲ್ಲಿಸುವ ಹೊತ್ತು ಬಂದಾಗ ಗೊತ್ತಾಗುವುದು. ಪರ್ಕೋನಾದ್ದೂ ರೆಪ್ಲಿಕಾ ಹಿಂದೆ ಬಿದ್ದರೆ ನಕಲು ಕೆಲಸ ನಿಲ್ಲಿಸಿ ಕಾಯುತ್ತದೆ. ಆದರೆ ಟ್ರಿಗರ್ ನಿಲ್ಲುವುದಿಲ್ಲ. ಪ್ರತಿ ತೂಕಕ್ಕೂ ಎರಡು ಬರಹ ನಡೆಯುತ್ತಲೇ ಇರುತ್ತದೆ. ಘೋಸ್ಟ್ ನಿಂತರೆ ಪೂರ್ತಿ ನಿಲ್ಲುತ್ತದೆ, ನಕಲೂ ಇಲ್ಲ, ಹೊಸ ಬದಲಾವಣೆ ಹಾಕುವುದೂ ಇಲ್ಲ. ಹಾರ್ಟ್‌ಬೀಟ್ ಅಂತ ಒಂದು ಸಣ್ಣ ಸಾಲು ಬರೆಯುತ್ತಿರುತ್ತದೆ, ಅಷ್ಟೇ. ಸರ್ವರ್‌ಗೆ ಘೋಸ್ಟ್ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಬಾಕಿ ಬದಲಾವಣೆಗಳು ಹೇಗೂ ಬೈನರಿ ಲಾಗ್‌ನಲ್ಲಿ ಇವೆಯಲ್ಲ, ಆಮೇಲೆ ಓದಿಕೊಳ್ಳುತ್ತದೆ.

ನಮ್ಮಲ್ಲಿ ಅದು ಕೆಲಸಕ್ಕೆ ಬಂದ ಬಗೆ ಹೀಗೆ. ಮೂರು ನಾಲ್ಕು ಸಾಧನ ಕಂಡವರು ಮೊದಲು ನೋಡುವುದು ಡ್ರೈ ರನ್, ಅಂದರೆ ಏನನ್ನೂ ಬದಲಿಸದ ತಾಲೀಮು, ಇದೆಯಾ ಅಂತ. ಘೋಸ್ಟ್‌ಗೆ ಎಕ್ಸಿಕ್ಯೂಟ್ ಅನ್ನುವ ಆಯ್ಕೆ ಕೊಡದಿದ್ದರೆ ಅದು ಎಲ್ಲ ಪರೀಕ್ಷೆ ಮಾಡಿ, ಸಾಲು ಮುಟ್ಟದೆ, ಸರಿಯಿದೆಯೋ ಇಲ್ಲವೋ ಹೇಳಿ ಹೊರಗೆ ಬರುತ್ತದೆ. ಮರೆತು ಎಂಟರ್ ಒತ್ತಿದರೂ ಅನಾಹುತ ಆಗದ ಹಾಗೆ ಇಟ್ಟಿದ್ದಾರೆ. ಅದು ನನಗೆ ಹಿಡಿಸಿತು. ರೆಪ್ಲಿಕಾದ ಮೇಲೆ ಮಾತ್ರ ಪೂರ್ತಿ ಓಡಿಸಿ ನೋಡುವ ಟೆಸ್ಟ್-ಆನ್-ರೆಪ್ಲಿಕಾ ಕೂಡ ಇದೆ. ಕೊನೆಗೆ ರೆಪ್ಲಿಕೇಶನ್ ನಿಲ್ಲಿಸಿ, ಹಳೆಯದು ಹೊಸದು ಎರಡೂ ಟೇಬಲ್ ಹಾಗೇ ಬಿಟ್ಟು ಹೋಗುತ್ತದೆ, ಕೂತು ತಾಳೆ ನೋಡಬಹುದು. ನಾನು ಮೈಸೂರಿನದ್ದರ ಮೇಲೆ ಮಾಡಿ ನೋಡಿದೆ. ಗೋಣಿಕೊಪ್ಪದ್ದನ್ನು ಯಾಕೆ ನಿಲ್ಲಿಸಲಿ.

ಘೋಸ್ಟ್ ಸಾಮಾನ್ಯವಾಗಿ ರೆಪ್ಲಿಕಾಗೆ ಅಂಟಿಕೊಂಡು ಅದರ ಬೈನರಿ ಲಾಗ್ ಓದುತ್ತದೆ, ಮುಖ್ಯ ಸರ್ವರ್‌ಗೆ ಭಾರ ಬೀಳಬಾರದು ಅಂತ. ದೊಡ್ಡ ಕಂಪನಿಗಳ ಒಂದೇ ಕಟ್ಟಡದೊಳಗಿನ ಸರ್ವರ್‌ಗಳಿಗೆ ಅದು ಸರಿ. ನಮ್ಮ ರೆಪ್ಲಿಕಾಗಳು ಎರಡೂ ದೂರ. ಹಾಗಾಗಿ ಅಲೌ-ಆನ್-ಮಾಸ್ಟರ್ ಕೊಟ್ಟು ಕುಶಾಲನಗರದ ಸರ್ವರ್ ಮೇಲೆಯೇ ಓಡಿಸಿದೆ. ಎರಡೂ ರೆಪ್ಲಿಕಾಗಳ ವಿಳಾಸವನ್ನು ಥ್ರಾಟಲ್-ಕಂಟ್ರೋಲ್-ರೆಪ್ಲಿಕಾಸ್ ಪಟ್ಟಿಗೆ ಹಾಕಿದೆ. ಇವುಗಳಲ್ಲಿ ಯಾವುದು ಹಿಂದೆ ಬಿದ್ದರೂ ನಿಂತು ಕಾಯಿ ಅನ್ನುವ ಅರ್ಥ. ಹಿಂದೆ ಬೀಳುವ ಮಿತಿ ಅದರ ಲೆಕ್ಕದಲ್ಲಿ 1500 ಮಿಲಿಸೆಕೆಂಡ್. ನಮ್ಮ ಲೈನ್‌ಗೆ ಅದು ಜಾಸ್ತಿ ಬಿಗಿ, ನಾನು 5000 ಮಾಡಿದೆ. ಓಡುತ್ತಿರುವಾಗಲೇ ಇದನ್ನು ಬದಲಿಸಬಹುದು. ಸಾಕೆಟ್ ಫೈಲ್ ಒಂದು ಇರುತ್ತದೆ, ಅದಕ್ಕೆ ಒಂದು ಸಾಲು ಕಳಿಸಿದರೆ ಸಾಕು. ವೇಗ ಇಳಿಸು, ಏರಿಸು, ನಿಲ್ಲು, ಈಗೆಲ್ಲಿದ್ದೀಯ, ಎಲ್ಲವನ್ನೂ ಹಾಗೇ ಕೇಳಬಹುದು.

ಅರ್ಧದ ಹತ್ತಿರ ಹೋಗಿತ್ತು, ಗೋಣಿಕೊಪ್ಪದ ಲೈನ್ ಹೋಯಿತು. ಜನವರಿಯಲ್ಲಿ ಮಳೆ ಇಲ್ಲ ಅಂತ ನೀವು ಹೇಳಬಹುದು. ಮಳೆ ಇಲ್ಲದಿದ್ದರೆ ಆನೆ ಇದೆ. ಸಿದ್ದಾಪುರದ ಕಡೆ ತೋಟದ ಅಂಚಿನ ಮರ ತಳ್ಳಿ, ಅದು ಕೇಬಲ್ ಮೇಲೆ ಬಿದ್ದಿತ್ತು. ನಮ್ಮ ಇಂಟರ್‌ನೆಟ್ ಕೊಡುವವರಿಗೆ ಫೋನ್ ಮಾಡಿದರೆ "ಕಂಪ್ಲೇಂಟ್ ಬುಕ್ ಆಗಿದೆ ಸರ್" ಅನ್ನುವ ಅದೇ ಉತ್ತರ. ಆನೆ ಅಲ್ಲೇ ಇದ್ದರೆ ಲೈನ್‌ಮನ್ ಹೋಗುವುದಾದರೂ ಹೇಗೆ, ಅದೂ ನಿಜ.

ಘೋಸ್ಟ್‌ನ ಪರದೆಯಲ್ಲಿ ಥ್ರಾಟಲ್ಡ್, ಅಂದರೆ ತಡೆದು ನಿಂತಿದ್ದೇನೆ, ಅಂತ ಬಂತು, ಕಾರಣವಾಗಿ ಗೋಣಿಕೊಪ್ಪದ ವಿಳಾಸ. ಅಷ್ಟೇ. ಕಾಟಾದಲ್ಲಿ ತೂಕ ನಡೆಯುತ್ತಿತ್ತು, ಬಿಲ್ಲು ಬರುತ್ತಿತ್ತು, ಯಾರಿಗೂ ಏನೂ ಗೊತ್ತಾಗಲಿಲ್ಲ. ನಾನು ಮನೆಗೆ ಹೋದೆ. ಮರುದಿನ ಲೈನ್ ಬಂದ ಮೇಲೆ ರೆಪ್ಲಿಕಾ ಮೊದಲು ತನ್ನ ಬಾಕಿ ತೀರಿಸಿಕೊಂಡಿತು, ಆಮೇಲೆ ಘೋಸ್ಟ್ ಬಿಟ್ಟಲ್ಲಿಂದ ಹೊರಟಿತು. ಇಲ್ಲಿ ಒಂದು ಎಚ್ಚರ ಬೇಕು. ಕಾಯುವಷ್ಟು ದಿನ ಬೈನರಿ ಲಾಗ್ ಅಳಿಸಿಹೋಗಬಾರದು. 8.0ರಲ್ಲಿ ಅದು ತಾನಾಗಿ 30 ದಿನ ಇರುತ್ತದೆ. ಡಿಸ್ಕ್ ಉಳಿಸಲು ಯಾರಾದರೂ ಎರಡು ದಿನಕ್ಕೆ ಇಳಿಸಿದ್ದಾರಾ ಅಂತ ಮೊದಲು ನೋಡಿಕೊಳ್ಳಿ.

ಇನ್ನೊಂದು ಒಳ್ಳೆಯ ಅಂಶ ಕಟ್-ಓವರ್, ಅಂದರೆ ಹೆಸರು ಅದಲು ಬದಲು ಮಾಡುವ ಕೊನೆಯ ಹೆಜ್ಜೆ. ಅದು ನಡುರಾತ್ರಿ ತಾನಾಗಿ ಆಗಬೇಕಿಲ್ಲ. ಒಂದು ಖಾಲಿ ಫೈಲ್ ಇಟ್ಟು ಅದರ ಹೆಸರು ಹೇಳಿಕೊಟ್ಟರೆ, ಆ ಫೈಲ್ ಇರುವವರೆಗೆ ಘೋಸ್ಟ್ ಹೊಸ ಟೇಬಲ್ಲನ್ನು ತಾಜಾ ಇಟ್ಟುಕೊಂಡು ಕಾಯುತ್ತದೆ. ಫೈಲ್ ಅಳಿಸಿದ ಕೂಡಲೇ ಅದಲು ಬದಲು. ನಾನು ಬೆಳಿಗ್ಗೆ ಕಾಟಾ ಶುರುವಾಗುವ ಮೊದಲು, ಅಕ್ಕನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅಳಿಸಿದೆ. ಬರೆಯುವವರು ಆ ಕ್ಷಣದಲ್ಲಿದ್ದರೆ ಸ್ವಲ್ಪ ತಡೆದು ಮುಂದೆ ಹೋಗುತ್ತಾರೆ, ಟೇಬಲ್ಲೇ ಇಲ್ಲ ಅನ್ನುವ ಎರರ್ ಬರುವುದಿಲ್ಲ. ಲಾಕ್ ಸಿಗಲು ಮೂರು ಸೆಕೆಂಡ್ ನೋಡುತ್ತದೆ, ಸಿಗದಿದ್ದರೆ ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ. "ಆಯ್ತಾ?" ಅಂದರು ಅಕ್ಕ. 26.25 ಹಾಕಿ ನೋಡಿದರು. 26.25 ಅಂತಲೇ ನಿಂತಿತು.

ಈ ಮೂರು ಸೆಕೆಂಡ್‌ನ ಮಹತ್ವ ಗೊತ್ತಾಗಬೇಕಾದರೆ ಮೈಎಸ್‌ಕ್ಯೂಎಲ್‌ನ ಸ್ವಂತ ಆಲ್ಟರ್ ಹೇಗೆ ಕಾಯುತ್ತದೆ ನೋಡಬೇಕು. ಯಾರೋ ವರ್ಷದ ರಿಪೋರ್ಟ್ ತೆಗೆಯುತ್ತಾ ಆ ಟೇಬಲ್ ಓದುತ್ತಿದ್ದರೆ, ಇನ್‌ಸ್ಟಂಟ್ ಆಲ್ಟರ್ ಕೂಡ ಅವರು ಮುಗಿಸುವವರೆಗೆ ನಿಲ್ಲಬೇಕು. ನಿಂತದ್ದರ ಹಿಂದೆ ಬಂದವರೆಲ್ಲ ನಿಲ್ಲಬೇಕು. ಹೀಗೆ ಎಷ್ಟು ಹೊತ್ತು ಕಾಯಬಹುದು ಅನ್ನುವ ಮಿತಿ ಮೊದಲಿಗೆ 3,15,36,000 ಸೆಕೆಂಡ್ ಇರುತ್ತದೆ. ಲೆಕ್ಕ ಹಾಕಿ, ಒಂದು ವರ್ಷ! ಆಲ್ಟರ್ ಕೊಡುವ ಮೊದಲು ನಿಮ್ಮ ಸೆಷನ್‌ಗೆ ಲಾಕ್-ವೇಟ್-ಟೈಮ್‌ಔಟ್ ಐದು ಸೆಕೆಂಡ್ ಮಾಡಿಕೊಳ್ಳಿ. ಇನ್‌ಸ್ಟಂಟ್ ಬೇಕಿದ್ದರೆ ಆಲ್ಗೊರಿದಮ್ ಇನ್‌ಸ್ಟಂಟ್ ಅಂತ ಬಾಯಿಬಿಟ್ಟು ಬರೆಯಿರಿ. ಆಗದಿದ್ದರೆ ಎರರ್ ಕೊಡುತ್ತದೆ. ಬರೆಯದಿದ್ದರೆ ಹೇಳದೆ ಕೇಳದೆ ಕಾಪಿಗೆ ಇಳಿದುಬಿಡಬಹುದು.

ಈಗ ದೂರುಗಳು.

ಮೊದಲನೆಯದು, ಫಾರಿನ್ ಕೀ, ಅಂದರೆ ಒಂದು ಟೇಬಲ್ಲಿನ ಸಾಲನ್ನು ಇನ್ನೊಂದರ ಸಾಲಿಗೆ ಕಟ್ಟುವ ಕೊಂಡಿ, ಇರುವ ಟೇಬಲ್‌ಗಳನ್ನು ಘೋಸ್ಟ್ ಮುಟ್ಟುವುದಿಲ್ಲ. ನಮ್ಮ ತೂಕದ ಟೇಬಲ್‌ಗೆ ಅದೃಷ್ಟಕ್ಕೆ ಒಂದೂ ಇರಲಿಲ್ಲ. ಬೆಳೆಗಾರರ ಟೇಬಲ್‌ಗೆ ಬಿಲ್ಲು, ಮುಂಗಡ, ಗೊಬ್ಬರದ ಸಾಲ ಎಲ್ಲ ಕಡೆಯಿಂದಲೂ ಇದೆ, ಅಲ್ಲಿ ಘೋಸ್ಟ್ ಕೈ ಎತ್ತುತ್ತದೆ. ಮಗ ಟೇಬಲ್ ಆದರೂ ಇಲ್ಲ, ತಾಯಿ ಟೇಬಲ್ ಆದರೂ ಇಲ್ಲ. ಪರ್ಕೋನಾದ್ದು ಇದನ್ನು ನಿಭಾಯಿಸುತ್ತದೆ. ಅಷ್ಟರ ಮಟ್ಟಿಗೆ ಅದೇ ಮೇಲು. ಇಷ್ಟು ವರ್ಷವಾದರೂ ಇದೊಂದು ಹೀಗೇ ಉಳಿದಿರುವುದು ನನಗೆ ಬೇಸರ. ಒಂದು ಸ್ಟಾರಿನ ದೊಡ್ಡ ಪಾಲು ಇಲ್ಲೇ ಹೋಯಿತು.

ಎರಡನೆಯದು, ಲೈನ್ ಮೇಲಿನ ಭಾರ. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ, ದೊಡ್ಡ ಊರಿನವರಿಗೆ ತಾಕುವುದಿಲ್ಲ ಅಂತ ಕಾಣುತ್ತದೆ. ನೇರ ಆಲ್ಟರ್ ಕೊಟ್ಟರೆ ಲೈನ್ ಮೇಲೆ ಹೋಗುವುದು ಬರೀ ಒಂದು ಸಾಲಿನ ಆಜ್ಞೆ. ರೆಪ್ಲಿಕಾ ತನ್ನ ಜಾಗದಲ್ಲೇ ಟೇಬಲ್ ಕಟ್ಟಿಕೊಳ್ಳುತ್ತದೆ. ಘೋಸ್ಟ್ ಮಾಡುವ ನಕಲಿನಲ್ಲಿ ಒಂದೂವರೆ ಕೋಟಿ ಸಾಲೂ ಹೊಸದಾಗಿ ಬೈನರಿ ಲಾಗ್‌ಗೆ ಬಿದ್ದು, ಲೈನ್ ಮೇಲೆ ಹೋಗಬೇಕು. 6 ಜಿಬಿ ಟೇಬಲ್, 10 ಎಂಬಿಪಿಎಸ್ ಅಪ್‌ಲೋಡ್ ಅಂದುಕೊಳ್ಳಿ. ಬೇರೆ ಯಾರೂ ಬಳಸದಿದ್ದರೂ ಒಂದು ಗಂಟೆ ಇಪ್ಪತ್ತು ನಿಮಿಷ. ರೆಪ್ಲಿಕಾ ಎರಡಿದ್ದರೆ ಅದೇ ಲೈನ್‌ನಲ್ಲಿ ಎರಡು ಪ್ರತಿ. ಆಫೀಸಿನ ಉಳಿದ ಕೆಲಸಕ್ಕೂ ಜಾಗ ಬಿಡಬೇಕಲ್ಲ. ನೈಸ್-ರೇಶಿಯೋ ಅಂತ ಒಂದು ಆಯ್ಕೆ ಇದೆ, ಒಂದು ಅಂತ ಕೊಟ್ಟರೆ ಎಷ್ಟು ಹೊತ್ತು ನಕಲು ಮಾಡಿತೋ ಅಷ್ಟೇ ಹೊತ್ತು ಸುಮ್ಮನಿರುತ್ತದೆ. ರೆಪ್ಲಿಕಾ ಸಂಪರ್ಕಕ್ಕೆ ಕಂಪ್ರೆಶನ್ ಕೂಡ ಹಾಕಿಕೊಳ್ಳಿ, ಮೈಎಸ್‌ಕ್ಯೂಎಲ್‌ನಲ್ಲೇ ಇದೆ.

ಇದರ ಜೊತೆಗೇ ಇನ್ನೊಂದು ಕಿರಿಕಿರಿ. ಘೋಸ್ಟ್‌ಗೆ ಬೈನರಿ ಲಾಗ್ ರೋ ರೂಪದಲ್ಲೇ (ಆಜ್ಞೆಯ ಬದಲು ಬದಲಾದ ಸಾಲುಗಳನ್ನೇ ಬರೆಯುವುದು) ಇರಬೇಕು, ಅದೂ ಸಾಲಿನ ಪೂರ್ತಿ ಚಿತ್ರ ಇರಬೇಕು. ಲೈನ್ ಸಣ್ಣದಿರುವವರು ಬದಲಾದ ಕಾಲಂ ಮಾತ್ರ ಕಳಿಸುವ ಮಿನಿಮಲ್ ಇಟ್ಟುಕೊಂಡಿರುತ್ತಾರೆ. ನಾನೂ ಹಾಗೇ ಇಟ್ಟಿದ್ದೆ. ಘೋಸ್ಟ್‌ಗಾಗಿ ಫುಲ್‌ಗೆ ಬದಲಿಸಬೇಕಾಯಿತು. ಸಣ್ಣ ಲೈನ್‌ನವರಿಗೇ ಘೋಸ್ಟ್‌ನ ಉಪಯೋಗ ಜಾಸ್ತಿ, ಅವರಿಗೇ ಅದರ ಖರ್ಚೂ ಜಾಸ್ತಿ.

ಡಿಸ್ಕ್‌ನಲ್ಲಿ ಟೇಬಲ್‌ನ ಎರಡರಷ್ಟು ಜಾಗ ಬೇಕು, ಬೈನರಿ ಲಾಗ್‌ಗೆ ಇನ್ನಷ್ಟು. ರೆಪ್ಲಿಕಾಗಳಲ್ಲೂ ಬೇಕು, ಅದನ್ನು ಮರೆಯಬೇಡಿ.

ಕರೆಂಟ್ ವಿಷಯ ಬಂದಾಗ ಮಾತ್ರ ಘೋಸ್ಟ್ ಪರವಾಗಿ ಒಂದು ಮಾತು. ಓಡುತ್ತಿರುವಾಗ ಸತ್ತುಹೋದರೆ, ನಾನು ಬಳಸಿದ ಆವೃತ್ತಿಯಲ್ಲಿ, ಮೊದಲಿನಿಂದ ಶುರು ಮಾಡಬೇಕು. ಆದರೆ ಅದು ಬಿಟ್ಟುಹೋಗುವುದು ಒಂದೆರಡು ಅರ್ಧಂಬರ್ಧ ಟೇಬಲ್ ಮಾತ್ರ. ಯಾವಾಗ ಬೇಕಾದರೂ ಅಳಿಸಬಹುದು. ಪರ್ಕೋನಾದ್ದು ನಡುವೆ ಸತ್ತರೆ ಟ್ರಿಗರ್‌ಗಳು ಅಲ್ಲೇ ಉಳಿದಿರುತ್ತವೆ. ಅವನ್ನು ತೆಗೆಯದೆ ಯಾರಾದರೂ ಹೊಸ ಟೇಬಲ್ ಅಳಿಸಿದರೆ ಕಾಟಾದ ಪ್ರತಿ ತೂಕವೂ ಎರರ್. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ಎಳೆಯುತ್ತದೆ ಅನ್ನುವುದು ದೇವರಿಗೇ ಗೊತ್ತಿರುವ ಜಾಗದಲ್ಲಿ ಇದು ಸಣ್ಣ ವಿಷಯ ಅಲ್ಲ.

ಘೋಸ್ಟ್ ಮಾಡದ ಕೆಲಸ ಒಂದಿದೆ. ಅದು ಟೇಬಲ್‌ನ ಆಕಾರ ಬದಲಿಸುತ್ತದೆ, ಒಳಗಿನ ಅಂಕಿಗಳನ್ನು ತಿದ್ದುವುದಿಲ್ಲ. ಕಾಲಂ ಅಗಲವಾಯಿತು, ಆದರೆ ಹಳೆಯ 26.3 ಈಗ 26.30 ಆಗಿ ಕೂತಿದೆ. ನಿಜವಾದ 26.25 ಲ್ಯಾಬ್‌ನ ಬೇರೆ ಟೇಬಲ್‌ನಲ್ಲಿದೆ. "ದುಡ್ಡು ಕೊಟ್ಟಾದದ್ದಕ್ಕೆ ಕೈ ಹಾಕಬೇಡ, ಬಿಲ್ಲು ಆಗದ ಲಾಟ್ ಮಾತ್ರ ತಿದ್ದು" ಅಂದರು ಅಕ್ಕ. ಸರಿಯೇ. ಬೆಳೆಗಾರರ ಹತ್ತಿರ ಹೋಗಿ ಚೀಲಕ್ಕೆ 19 ರೂಪಾಯಿ ವಾಪಸ್ ಕೊಡಿ ಅನ್ನಲಾಗುತ್ತದಾ?

ಅಷ್ಟಾದರೂ ಲಕ್ಷಗಟ್ಟಲೆ ಸಾಲು. ಇದನ್ನು ಒಂದೇ ಅಪ್‌ಡೇಟ್‌ನಲ್ಲಿ ಮಾಡಿದರೆ ರೆಪ್ಲಿಕಾಗೆ ಅದು ಒಂದೇ ದೊಡ್ಡ ಟ್ರಾನ್ಸಾಕ್ಷನ್. ಪ್ರತಿ ಸಾಲಿನ ಹಿಂದಿನ ಚಿತ್ರ, ಈಗಿನ ಚಿತ್ರ ಎರಡೂ ಲಾಗ್‌ನಲ್ಲಿ ಹೋಗುತ್ತವೆ. ಅದು ಮುಗಿಯುವವರೆಗೆ ಉಳಿದದ್ದೆಲ್ಲ ಹಿಂದೆ. ನಾನು ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಪ್ರೈಮರಿ ಕೀ, ಅಂದರೆ ಪ್ರತಿ ಸಾಲಿನ ಗುರುತಿನ ಸಂಖ್ಯೆ, ಹಿಡಿದು ಸಾವಿರ ಸಾಲು ತಿದ್ದು, ಕಮಿಟ್ ಮಾಡು, ಗೋಣಿಕೊಪ್ಪ ಎಷ್ಟು ಹಿಂದಿದೆ ನೋಡು, ಐದು ಸೆಕೆಂಡ್‌ಗಿಂತ ಜಾಸ್ತಿ ಇದ್ದರೆ ಕಾಯಿ. ಕೀ ವ್ಯಾಪ್ತಿ ಹಿಡಿಯುವುದೇ ಒಳ್ಳೆಯದು. ಲಿಮಿಟ್ 1000 ಅಂತ ಮಾತ್ರ ಹಾಕಿ ಕ್ರಮ ಹೇಳದಿದ್ದರೆ, ಲಾಗ್ ಸ್ಟೇಟ್‌ಮೆಂಟ್ ರೂಪದಲ್ಲಿರುವ (ಆಜ್ಞೆಯನ್ನೇ ಬರೆದಿಡುವ) ಕಡೆ ಇಲ್ಲಿ ಒಂದು ಸಾವಿರ, ಅಲ್ಲಿ ಇನ್ನೊಂದು ಸಾವಿರ ಬದಲಾಗಬಹುದು. 5.7.7ರಿಂದ ರೋ ರೂಪವೇ ಮಾಮೂಲು. ಹಳೆಯ ಸರ್ವರ್ ಇರುವವರು ನೋಡಿಕೊಳ್ಳಬೇಕು. ಹಳೆಯ ಸಾಲು ಅಳಿಸುವುದಾದರೆ ಸ್ಕ್ರಿಪ್ಟ್ ಬರೆಯುವ ಕಷ್ಟವೂ ಬೇಡ, ಪರ್ಕೋನಾದ ಪಿಟಿ-ಆರ್ಕೈವರ್ ಇದೇ ಕೆಲಸವನ್ನು ತುಂಡು ತುಂಡಾಗಿ ಮಾಡುತ್ತದೆ.

ಗೋಣಿಕೊಪ್ಪದ ಕಂಪ್ಯೂಟರ್‌ಗಳಿಗೆ ಹೊಸ ಪ್ರೋಗ್ರಾಂ ಹಾಕುವ ಕ್ರಮದ ಬಗ್ಗೆಯೂ ಹೇಳಬೇಕು. ಹೊಸ ಕಾಲಂ ಓದುವ ಪ್ರೋಗ್ರಾಂ ಮೊದಲು ಹೋಗಿ, ಕಾಲಂ ಇನ್ನೂ ಅಲ್ಲಿಗೆ ತಲುಪದಿದ್ದರೆ 1054, ಗೊತ್ತಿಲ್ಲದ ಕಾಲಂ ಅನ್ನುವ ಎರರ್. ಕುಶಾಲನಗರದಲ್ಲಿ ಪರೀಕ್ಷೆ ಮಾಡಿದಾಗ ಎಲ್ಲ ಸರಿಯಿರುತ್ತದೆ. ಹಾಗಾಗಿ ಸೇರಿಸುವಾಗ ಡೇಟಾಬೇಸ್ ಮೊದಲು, ಪ್ರೋಗ್ರಾಂ ಆಮೇಲೆ. ತೆಗೆಯುವಾಗ ತಿರುಗಾ ಮುರುಗಾ.

ಕೆಲವರು ಇಷ್ಟೆಲ್ಲ ಯಾಕೆ, ರೆಪ್ಲಿಕಾಗೆ ಹೋಗಿ ಕೈಯಲ್ಲೇ ತಿದ್ದಿದರಾಯಿತು ಅನ್ನುತ್ತಾರೆ. ನಮಗೆ ಮೊದಲು ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ ಗುತ್ತಿಗೆಯವರು ಅದನ್ನೇ ಮಾಡಿದ್ದರು. ಲೈನ್ ಇಲ್ಲದ ಹೊತ್ತಿನಲ್ಲಿ ಗೋಣಿಕೊಪ್ಪದ ಪ್ರತಿಗೇ ನೇರವಾಗಿ ಸಾಲು ಸೇರಿಸಿದ್ದರು. ಆಮೇಲೆ ಅದೇ ಸಂಖ್ಯೆಯ ಸಾಲು ಕುಶಾಲನಗರದಿಂದ ಬಂತು. 1062, ಒಂದೇ ಕೀ ಎರಡು ಸಲ. ರೆಪ್ಲಿಕೇಶನ್ ನಿಂತಿತು. ಅವರು ಬಂದ ಸಾಲನ್ನು ಹಾರಿಸಿ ಮುಂದೆ ಓಡಿಸಿದರು. ಒಬ್ಬರ ಬಾಕಿ ಇಲ್ಲೊಂದು, ಅಲ್ಲೊಂದು. ಎರಡೂ ಕಡೆಯ ಟೇಬಲ್ ತಾಳೆ ನೋಡುವ ಪರ್ಕೋನಾದ ಪಿಟಿ-ಟೇಬಲ್-ಚೆಕ್‌ಸಮ್ ಓಡಿಸಿದ ಮೇಲೆ ಇಂಥವು ಇನ್ನೂ ಇವೆ ಅನ್ನುವುದು ಹೊರಗೆ ಬಂತು. ಈಗ ಎರಡೂ ರೆಪ್ಲಿಕಾಗಳಲ್ಲಿ ಸೂಪರ್-ರೀಡ್-ಓನ್ಲಿ ಹಾಕಿಟ್ಟಿದ್ದೇನೆ, ಅಡ್ಮಿನ್‌ಗೂ ಬರೆಯಲಾಗುವುದಿಲ್ಲ. ಚೆಕ್‌ಸಮ್ ತಿಂಗಳಿಗೊಮ್ಮೆ ಓಡುತ್ತದೆ.

ಯಾರಿಗೆ ಘೋಸ್ಟ್ ಬೇಡ? ನಿಮ್ಮ ಟೇಬಲ್ ಕೆಲವು ಲಕ್ಷ ಸಾಲಿನದ್ದಾಗಿದ್ದು, ರಾತ್ರಿ ಯಾರೂ ಬರೆಯುವುದಿಲ್ಲ ಅಂದರೆ ನೇರ ಆಲ್ಟರ್ ಕೊಟ್ಟು ಮಲಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಮಾಡುವುದೂ ಅದೇ. ಖರೀದಿ ಇಲ್ಲ, ರೆಪ್ಲಿಕಾ ಗಂಟೆಗಟ್ಟಲೆ ಹಿಂದೆ ಬಿದ್ದರೂ ಕೇಳುವವರಿಲ್ಲ, ಲೈನ್ ಮೇಲೂ ಭಾರ ಇಲ್ಲ. ಕಾಲಂ ಸೇರಿಸುವುದಷ್ಟೇ ಇದ್ದರೆ ಇನ್‌ಸ್ಟಂಟ್ ಸಾಕು. ಸೀಸನ್ ನಡುವೆ, ದೊಡ್ಡ ಟೇಬಲ್, ಟೈಪ್ ಬದಲಾವಣೆ, ಫಾರಿನ್ ಕೀ ಇಲ್ಲ ಅನ್ನುವಾಗ ಮಾತ್ರ ಘೋಸ್ಟ್ ತೆಗೆಯುತ್ತೇನೆ. ಆ ಜಾಗದಲ್ಲಿ ಅದಕ್ಕಿಂತ ನೆಮ್ಮದಿಯ ಸಾಧನ ನಾನು ನೋಡಿಲ್ಲ.

ಬೆಳೆಗಾರರ ಟೇಬಲ್‌ನಲ್ಲಿ ಊರಿನ ಹೆಸರಿನ ಕಾಲಂ ಸರಿ ಮಾಡುವುದು ಇನ್ನೂ ಬಾಕಿ ಇದೆ. ಅದು ಫಾರಿನ್ ಕೀಗಳ ಗೂಡು. ಮಳೆಗಾಲಕ್ಕೆ ಇಟ್ಟುಕೊಂಡಿದ್ದೇನೆ, ಪರ್ಕೋನಾದ್ದರಲ್ಲಿ ಮಾಡುತ್ತೇನೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಬೇಕು ಅಂತ ಸಾಹುಕಾರರಿಗೆ ಆಗಲೇ ಹೇಳಿಟ್ಟಿದ್ದೇನೆ, ನೋಡೋಣ ಅಂದಿದ್ದಾರೆ.